ಮಡಿಸಿಟ್ಟ ಹದಿನೇಳು ತಂತಿಗಳು

ಕಂತು ಒಂಬತ್ತು

ಎಪ್ಪತ್ತೇಳು.

ಮೂರನೆಯ ಸಲ ಎಣಿಸಿದಾಗಲೂ ಎಪ್ಪತ್ತೇಳೇ ಬಂತು. ಗಿರಾಕಿಗೆ ಕೊಟ್ಟ ನಕ್ಷೆಯ ಪ್ರಕಾರ ಈ ಕಂತೆಯಲ್ಲಿ ಇರಬೇಕಾದದ್ದು ಅರವತ್ತು ತಂತಿ. ಹದಿನೇಳು ಹೆಚ್ಚು. ಆ ಹದಿನೇಳರ ತುದಿಯ ಬೆಸುಗೆ ಹೊಸ ನಾಣ್ಯದಂತೆ ಹೊಳೆಯುತ್ತಿತ್ತು. ಉಳಿದ ಅರವತ್ತರದು ಮಂಕಾಗಿತ್ತು.

ಕಾವಲು ಕೋಣೆಯ ಗಡಿಯಾರದಲ್ಲಿ ಹನ್ನೆರಡೂ ಇಪ್ಪತ್ತು. ಮೂರು ಗಂಟೆಗೆ ವಾಷಿಂಗ್ಟನ್‌ನವರು ಬಂದು, ಇಲ್ಲಿ ತಂತಿ ಹೆಣೆಯುವ ರುಜೆನಾ ಹ್ಲಾವಾಚ್‌ಳನ್ನು ಕರೆದುಕೊಂಡು ಹೋಗುತ್ತಾರೆ. ಇದು 1952ನೆಯ ಇಸವಿ. ಗೂಢಚಾರಿಕೆ ಎಂಬ ಹೆಸರು ಹಚ್ಚಿ ಕರೆದುಕೊಂಡು ಹೋದವರು ತಿರುಗಿ ಮನೆಗೆ ಬಂದದ್ದನ್ನು ನಾನಂತೂ ಕಂಡಿಲ್ಲ. ವಿದ್ಯುತ್ ಕುರ್ಚಿಯ ಮಾತು ಈಗ ಪತ್ರಿಕೆಗಳಲ್ಲಿ ಹಿಮ ಬೀಳುವ ಸುದ್ದಿಯಷ್ಟೇ ಸಲೀಸಾಗಿ ಬರುತ್ತದೆ.

ಓಮಾಹಾದ ವಿಮಾ ಕಂಪನಿಗೆ ಮಾರಿ ಎರಡು ವಾರದ ಹಿಂದೆ ಕಳಿಸಿದ್ದ ಲೆಕ್ಕದ ಯಂತ್ರ 'ನಿಲ್ಲು' ಎಂದರೆ ನಿಲ್ಲದೆ ಅಕ್ಷರ ಎಣಿಸತೊಡಗಿ ಸೋಮವಾರ ಹಿಂದಿರುಗಿ ಬಂದಿತ್ತು. ತಪ್ಪು ಮಾಡಿದ ಕಂತೆಯ ಕೊನೆಯಲ್ಲಿ, ಕಟ್ಟಿದವಳ ಗುರುತಾಗಿ, ರುಜೆನಾಳ ಗಂಟು ಸಿಕ್ಕಿತ್ತು. ಅಷ್ಟಕ್ಕೇ ಆ ಹುಡುಗಿಯ ಕೊರಳಿಗೆ ಉರುಳು.

ಯಂತ್ರದಿಂದ ಬಿಚ್ಚಿ ತೆಗೆದ ಆ ಹಲಗೆ, ಅದರ ತಂತಿ ಕಂತೆ, ಎರಡೂ ಈಗ ನನ್ನ ಮೇಜಿನ ಮೇಲಿದ್ದವು. ಎಂಜಿನಿಯರ್ ಪ್ರೆಂಟಿಸ್ ರೈಲು ನಿಲ್ದಾಣಕ್ಕೆ ಹೋಗುವ ಮುಂಚೆ ಅವನ್ನು ಇಲ್ಲಿಟ್ಟು, "ಕಾಯಿರಿ, ನೋಡಬೇಡಿ," ಎಂದಿದ್ದ. ಸೇಂಟ್ ಪಾಲ್ ಪೊಲೀಸಿನಲ್ಲಿ ಇಪ್ಪತ್ತೆರಡು ವರ್ಷ ಪತ್ತೇದಾರನಾಗಿದ್ದವನಿಗೆ ಹೇಳುವ ಮಾತೇ ಅದು? ನಾನು, ಅಡೆಲಾರ್ ಬಿಬೋ, ಈಗ ಈ ಕಾರ್ಖಾನೆಯ ಕಾವಲು ಮುಖ್ಯಸ್ಥ. ಬೀಗ ಕಾಯುವುದು ನನ್ನ ಕೆಲಸ, ಬೀಗದ ಒಳಗೆ ಏನಿದೆಯೆಂದು ಕೇಳುವ ಹಕ್ಕು ನನಗಿಲ್ಲ.

ಆದರೆ ರುಜೆನಾಳನ್ನು ಈ ಕೆಲಸಕ್ಕೆ ತಂದು ಸೇರಿಸಿದವನು ನಾನು. ವೆಸ್ಟ್ ಸೆವೆಂತ್ ಬೀದಿಯಲ್ಲಿ ಅವಳ ಅಮ್ಮನ ಅಡುಗೆಮನೆಯಲ್ಲಿ ಕೂತು, ಗಸಗಸೆ ತುಂಬಿದ ಕೊಲಾಚೆ ಬನ್ನು ತಿನ್ನುತ್ತ, "ಹುಡುಗಿಯ ಭಾರ ನನ್ನದು," ಎಂದವನು ನಾನು. ನಂಬಿಕಸ್ಥಳು ಎಂಬ ಕಾಗದಕ್ಕೆ ಸಹಿ ಹಾಕಿದವನೂ ನಾನೇ. ಎರಡು ದಿನದಿಂದ ನನಗೆ ಅನ್ನ ನೀರು ಸೇರುತ್ತಿರಲಿಲ್ಲ.

ಅವಳು ಈಗ ನನ್ನ ಬೆನ್ನ ಹಿಂದಿನ ಒಳಕೋಣೆಯಲ್ಲಿ ಇದ್ದಳು. ಬೀಗದ ಕೀಲಿ ನನ್ನ ಸೊಂಟದಲ್ಲಿತ್ತು.

ಈ ಯಂತ್ರದ ಚರಿತ್ರೆ ಎಂದು ಕಂಪನಿ ಅಚ್ಚು ಹಾಕಿಸಿರುವ ನಯವಾದ ಪುಸ್ತಿಕೆಯಲ್ಲಿ ವಿಜ್ಞಾನ, ವ್ಯಾಪಾರ, ನಾಳಿನ ಜಗತ್ತು ಎಂದೆಲ್ಲ ಇದೆ. ಸುಳ್ಳಲ್ಲ, ಅರ್ಧ ಸತ್ಯ. ಯುದ್ಧದಲ್ಲಿ ಶತ್ರುವಿನ ಗುಪ್ತಲಿಪಿ ಬಿಡಿಸುತ್ತಿದ್ದ ಬುದ್ಧಿವಂತರ ಗುಂಪು ಯುದ್ಧ ಮುಗಿದೊಡನೆ ಚದುರಿಹೋಗದಿರಲಿ ಎಂದು ವಾಷಿಂಗ್ಟನ್‌ನ ಹೆಸರಿಲ್ಲದ ಕಚೇರಿಯೊಂದು ಅವರನ್ನು ತಂದು, ಮರದ ಗ್ಲೈಡರ್ ವಿಮಾನ ಕಟ್ಟುತ್ತಿದ್ದ ಈ ಕಾರ್ಖಾನೆಯಲ್ಲಿ ಕೂರಿಸಿತು. ಹೊರಗೆ ಕಂಪನಿ, ಒಳಗೆ ಸರ್ಕಾರ. ಅವರು ಕಟ್ಟಿದ ಯಂತ್ರಕ್ಕೆ ಹೆಸರೂ ಇರಲಿಲ್ಲ, 'ಹತ್ತೊಂಬತ್ತನೆಯ ಕೆಲಸ' ಎಂದಷ್ಟೇ. ವಿಳಾಸ ಬರೆಯದ ಪೆಟ್ಟಿಗೆಗಳಲ್ಲಿ ಅದು ರೈಲು ಹತ್ತಿ ಹೋಯಿತು.

ಆಮೇಲೆ ಅಂಥದೇ ಯಂತ್ರವನ್ನು ಹೊರಗಿನವರಿಗೂ ಮಾರಬಹುದು ಎಂದು ಅಪ್ಪಣೆ ಬಂತು. ಒಂದೇ ಷರತ್ತು: ಗುಪ್ತಲಿಪಿಯ ಅಕ್ಷರ ಎಣಿಸುವ ಆ ಒಂದು ಆಜ್ಞೆ ಅದರಲ್ಲಿ ಇರಕೂಡದು. ತಂತಿ ಹೆಣೆಯುವ ಹುಡುಗಿಯರು ಮೊದಲಿನದನ್ನು ಅಣ್ಣ ಎಂದರು, ಮಾರಾಟದ್ದನ್ನು ತಮ್ಮ ಎಂದರು. ಅಣ್ಣನಿಗೆ ಗೊತ್ತಿದ್ದದ್ದು ತಮ್ಮನಿಗೆ ಗೊತ್ತಾಗಬಾರದು. ಇಲ್ಲಿಯವರೆಗೆ ನಾಲ್ಕು ತಮ್ಮಂದಿರು ಊರು ಬಿಟ್ಟು ಹೋಗಿದ್ದರು.

ನಾನು ಭೂತಗನ್ನಡಿ ಹಿಡಿದು ರುಜೆನಾಳ ಗಂಟನ್ನು ನೋಡಿದೆ. ತಂತಿಗಳನ್ನು ಮೇಣದ ದಾರದಿಂದ ಬಿಗಿದು ಕಂತೆ ಮಾಡಿ, ಕೊನೆಯಲ್ಲಿ ಪ್ರತಿಯೊಬ್ಬಳೂ ತನ್ನದೇ ಗಂಟು ಹಾಕುವುದು ಇಲ್ಲಿನ ಪದ್ಧತಿ. ತಪ್ಪು ಯಾರದೆಂದು ಆಗ ಕೇಳಬೇಕಾಗಿಲ್ಲ. ರುಜೆನಾಳದು ಅವಳ ಅಜ್ಜಿ ಗರಿಯ ಹೊದಿಕೆಗೆ ಹಾಕುತ್ತಿದ್ದ ಗಂಟು, ಮೂರು ಸುತ್ತು. ಅವಳು ಆಮೇಲೆ ಬಂದು ಕಂತೆ ಬಿಚ್ಚಿ, ಕಳ್ಳತಂತಿ ತೂರಿಸಿ, ಮತ್ತೆ ಕಟ್ಟಿದಳು ಎಂಬುದು ಪ್ರೆಂಟಿಸ್‌ನ ವಾದ.

ದಾರದ ಮೇಣದಲ್ಲಿ ಏನೋ ಬೆಳ್ಳಗೆ ಅಂಟಿತ್ತು. ಸೂಜಿಯಿಂದ ಎತ್ತಿದೆ. ಹತ್ತಿ. ಒಂದು ಕಡೆಯಲ್ಲ, ಕಂತೆಯ ಉದ್ದಕ್ಕೂ, ಗಂಟಿನ ಮೂರು ಸುತ್ತಿನ ಒಳಗೂ.

ಕಾಟನ್‌ವುಡ್ ಮರದ ಹತ್ತಿ ಅದು. ನಮ್ಮೂರಲ್ಲಿ ಜೂನ್ ತಿಂಗಳ ಎರಡು ವಾರ ಅದು ಗಾಳಿಯಲ್ಲಿ ಹಾರಿ ಮೂಗು ಬಾಯಿಗೆಲ್ಲ ನುಗ್ಗುತ್ತದೆ, ಮತ್ತೆ ವರ್ಷವಿಡೀ ಕಣ್ಣಿಗೆ ಬೀಳುವುದಿಲ್ಲ. ಈಗ ಫೆಬ್ರವರಿ. ಅಂದರೆ ಜೂನ್‌ನಲ್ಲಿ ಕಟ್ಟಿದ ಈ ದಾರವನ್ನು ಆಮೇಲೆ ಯಾರೂ ಬಿಚ್ಚಿಲ್ಲ. ಹದಿನೇಳು ತಂತಿಗಳು ಮೊದಲಿನಿಂದಲೂ ಒಳಗೇ ಇದ್ದವು. ತುದಿಗಳನ್ನು ಬೆಸೆದದ್ದು ಮಾತ್ರ ಹೊಸದು.

ನನಗೆ ಹೋದ ಜೀವ ಬಂದಂತಾಯಿತು. ಆದರೆ ಮೊದಲಿನಿಂದಲೂ ಇದ್ದವು ಎಂದರೆ, ಇರಿಸಿದವರು ಯಾರು?

* * *

ಊಟದ ಬಿಡುವಿನಲ್ಲಿ ತಂತಿ ಸಾಲು ಖಾಲಿಯಾಗಿತ್ತು. ಗ್ಲೈಡರ್‌ಗಳ ಕಾಲದಿಂದ ಮಾಡಿನಲ್ಲಿ ಮನೆ ಮಾಡಿಕೊಂಡಿರುವ ಗುಬ್ಬಿಗಳು ಮಾತ್ರ ಗಲಾಟೆ ಮಾಡುತ್ತಿದ್ದವು. ಥೋರಾ ಎಂಗೆಬ್ರೆಟ್ಸನ್ ಒಬ್ಬಳೇ ತನ್ನ ಮಣೆಯ ಮೇಲೆ ಕೂತು ತಗಡಿನ ಡಬ್ಬಿಯಿಂದ ತಣ್ಣಗಾದ ಹಾಟ್‌ಡಿಶ್, ಮಾಂಸ ಆಲೂಗಡ್ಡೆ ಸೇರಿಸಿ ಬೇಯಿಸಿದ ಅಡುಗೆ, ತಿನ್ನುತ್ತಿದ್ದಳು. ಐವತ್ತು ಹೆಂಗಸರಿಗೆ ಯಜಮಾನಿ, ಎಲ್ಲರಿಗೂ ತಾಂತೆ ಥೋರಾ, ಥೋರಾ ಚಿಕ್ಕಮ್ಮ. ನಾರ್ವೆಯ ಕಡೆಯ ಹೆಂಗಸು. ಮಾತು ಆಡಿದರೆ ಮುತ್ತು ಉದುರುತ್ತದೆಂದಲ್ಲ, ಖರ್ಚಾಗುತ್ತದೆಂದು ಸುಮ್ಮನಿರುವ ಪೈಕಿ.

"ಬನ್ನಿ ಬಿಬೋ. ಇವತ್ತು ಶುಕ್ರವಾರ, ಕ್ಯಾಥೊಲಿಕರಿಗೆ ಕೊಡೋ ಹಾಗಿಲ್ಲ. ಇದ್ರಲ್ಲಿ ಮಾಂಸ ಇದೆ, ನಿಮ್ಮ ಪಾದ್ರಿ ಬೈದಾರು."

"ತಿನ್ನೋಕೆ ಬಂದಿಲ್ಲ ತಾಯಿ. ಹೋದ ಜೂನ್‌ನಲ್ಲಿ ಓಮಾಹಾ ಯಂತ್ರದ ಕಂತೆ ಕಟ್ಟಿದ್ದು ನೆನಪಿದೆಯಾ?"

"ಕಟ್ಟಿದ್ದು ಎಷ್ಟೋ. ಯಾವುದು ಅಂತ ನೆನಪಿಡಲಿ?"

"ಪ್ರೆಂಟಿಸ್ ಬಂದು ನಂಬರ್ ಕೂಗಿದ್ದು? ಬಾಗಿಲು ಕಾಯೋನಿಗೆ ಅಷ್ಟು ಕೇಳಿಸುತ್ತೆ."

ಚಮಚ ಡಬ್ಬಿಯಲ್ಲೇ ನಿಂತಿತು.

"ಅದನ್ನ ಮಾತಾಡೋ ಹಾಗಿಲ್ಲ. ನಿಮಗೆ ಗೊತ್ತಲ್ಲ."

"ಏನು ಕೂಗಿದ್ರು ಅಂತ ಬೇಡ. ಹೇಗೆ ಕೂಗ್ತಿದ್ರು ಅಂತ ಹೇಳಿ, ಸಾಕು."

ಅವಳು ಬಾಗಿಲ ಕಡೆ ನೋಡಿದಳು. "ಅಣ್ಣನಿಗೂ ತಮ್ಮನಿಗೂ ಒಂದೇ ಮೊಳೆ ಹಲಗೆ ಮೇಲೆ ಹೆಣೀತೀವಿ. ಆಮೇಲೆ ತಮ್ಮಂದಾದ್ರೆ ಕೆಲವು ತಂತಿ ತೆಗೀಬೇಕು. ಯಾವ್ಯಾವುದು ಅನ್ನೋ ಪಟ್ಟಿ ಆ ಬೀಗದ ಕೋಣೆ ಬಿಟ್ಟು ಹೊರಗೆ ಬರೋ ಹಾಗಿಲ್ಲವಂತೆ. ಪಾಪ, ಬಾಯಿಪಾಠ ಮಾಡ್ಕೊಂಡು ಬರೋರು. ನಮ್ಮ ಕೈ ನೋಡೋ ಹಾಗಿಲ್ಲ ಅಂತ ಇನ್ನೊಂದು ನಿಯಮ. ಗೋಡೆ ಕಡೆ ಮುಖ ಮಾಡ್ಕೊಂಡು ಮಗ್ಗಿ ಒಪ್ಪಿಸೋ ಹಾಗೆ ಒಪ್ಪಿಸೋರು. ನಾವು ತೆಗೀತಿದ್ವಿ."

"ತೆಗೆದು ಎಲ್ಲಿ ಹಾಕ್ತಿದ್ರಿ?"

ಅವಳು ಚಮಚದಿಂದ ಡಬ್ಬಿಯ ತಳ ಕೆರೆಯತೊಡಗಿದಳು.

"ಇಲ್ಲಿನ ಕಸದ ಡಬ್ಬಿ ನನ್ನ ಗೇಟಿಂದಲೇ ಹೊರಗೆ ಹೋಗೋದು. ದಿನಾ ಕೈ ಹಾಕಿ ನೋಡೋದು ನನ್ನ ಕರ್ಮ. ಕಾಫಿ ಚರಟ ನೋಡಿದೀನಿ, ಹರಿದ ಸಾಕ್ಸ್ ನೋಡಿದೀನಿ. ಐದು ವರ್ಷದಲ್ಲಿ ಒಂದು ಗೇಣು ತಂತಿ ನೋಡಿಲ್ಲ ನಾನು."

ಥೋರಾಳ ಕಿವಿ ಕೆಂಪಾದವು. ಐವತ್ತೆಂಟು ವರ್ಷದ ಹೆಂಗಸು, ಬೆಲ್ಲ ಕದ್ದ ಮಗುವಿನ ಹಾಗೆ ಕೂತಿದ್ದಳು.

"ಒಳ್ಳೇ ತಂತಿ ಬಿಬೋ," ಎಂದಳು ಕೊನೆಗೆ. "ಅಪ್ಪಟ ತಾಮ್ರ. ಮೂವತ್ತಮೂರನೇ ಇಸವೀಲಿ ಹಿಟ್ಟಿನ ಚೀಲದ ದಾರ ಬಿಚ್ಚಿ ಸುತ್ತಿಟ್ಕೊಂಡು ಮಕ್ಕಳ ಬಟ್ಟೆ ಹೊಲ್ದೋಳು ನಾನು. ನಂಗೆ ಕತ್ತರಿಸಿ ಬಿಸಾಕು ಅಂದ್ರೆ ಕೈ ಬರುತ್ತಾ? ಒಂದು ತುದಿ ಬಿಡಿಸಿ, ಹಿಂದಕ್ಕೆ ಮಡಿಸಿ, ಕಂತೆ ಒಳಗೇ ಸೇರಿಸಿ ಕಟ್ಟಿಬಿಟ್ರೆ ನಾಳೆ ಬೇಕಾದಾಗ ದಾರ ಬಿಚ್ಚದೇನೇ ಎಳೆದ್ರೆ ಸಿಗುತ್ತೆ. ತುದಿ ಬಿಟ್ಟ ಮೇಲೆ ಯಂತ್ರಕ್ಕೆ ಅದು ಇದ್ರೂ ಒಂದೇ, ಸತ್ರೂ ಒಂದೇ. ಪರೀಕ್ಷೇಲೆಲ್ಲ ಪಾಸಾಯ್ತು."

"ಹುಡುಗೀರಿಗೂ ಹಾಗೇ ಕಲಿಸಿದ್ರಾ?"

"ಮತ್ತೆ? ಹಾಳು ಮಾಡೋದನ್ನ ಕಲಿಸ್ಲಾ?"

"ಓಮಾಹಾದ್ದು ಒಂದರಲ್ಲಿ ಮಾತ್ರಾನಾ?"

"ನಾಲ್ಕರಲ್ಲೂ."

ನಾನು ಪಕ್ಕದ ಸ್ಟೂಲು ಎಳೆದುಕೊಂಡು ಕೂತೆ. ಯಾರ ಕಣ್ಣಿಗೂ ಬೀಳಬಾರದೆಂದು ಪಟ್ಟಿಯನ್ನು ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು ಕಾದಿದ್ದರು. ಆ ಪಟ್ಟಿ ಮುಚ್ಚಿಟ್ಟ ಗುಟ್ಟನ್ನೇ ನಾವು ಅಂದವಾಗಿ ಕಟ್ಟಿ, ಪೆಟ್ಟಿಗೆ ಮಾಡಿ, ನಾಲ್ಕು ಊರಿಗೆ ಕಳಿಸಿದ್ದೆವು. ಯಾವ ಗೂಢಚಾರನೂ ಇದಕ್ಕೆ ಬೇಕಿರಲಿಲ್ಲ. ಪೆಟ್ಟಿಗೆಗಳ ಮೇಲೆ 'ಸರಿಯಿದೆ' ಎಂದು ಮುದ್ರೆ ಒತ್ತಿದವನು ನಾನು. ಥೋರಾ ತನ್ನ ಕಾಫಿ ಲೋಟವನ್ನು ನನ್ನತ್ತ ತಳ್ಳಿದಳು.

"ಇದನ್ನ ನೀವು ವಾಷಿಂಗ್ಟನ್‌ನವರ ಮುಂದೆ ಹೇಳ್ಬೇಕು ತಾಯಿ. ತಂತಿ ಕದ್ದು ತೂರಿಸಿದ್ಲು ಅನ್ನೋದು ಅಲ್ಲಿಗೆ ಬಿದ್ದುಹೋಗುತ್ತೆ. ಹುಡುಗಿ ಉಳೀತಾಳೆ."

"ನಂಗೇನು ಮಾಡ್ತಾರೆ?"

"ಗೊತ್ತಿಲ್ಲ." ಸುಳ್ಳು ಹೇಳಲು ನನಗೆ ಬಾಯಿ ಬರಲಿಲ್ಲ.

ಅವಳು ಡಬ್ಬಿಯ ಮುಚ್ಚಳ ಹಾಕಿದಳು. ಏಪ್ರನ್ ಬಿಚ್ಚಿ ಮಡಿಸಿಟ್ಟಳು. ಚರ್ಚಿಗೆ ಹೊರಟವಳಂತೆ ಕೂದಲು ಸರಿ ಮಾಡಿಕೊಂಡಳು. "ಆ ಮಗು ಇನ್ನೂ ಇಪ್ಪತ್ತೆರಡು ವರ್ಷದ್ದು," ಎಂದಳು. "ನಡೀರಿ."

ನಾನು ಏಳಲಿಲ್ಲ. ಪೊಲೀಸಿನ ಹಳೆಯ ಚಾಳಿ, ಒಂದು ಎಳೆ ಉಳಿದರೂ ಮನಸ್ಸು ಏಳಲು ಬಿಡುವುದಿಲ್ಲ.

"ಮಡಿಸಿಟ್ಟ ತುದಿ ಎಲ್ಲೆಲ್ಲಿಗೆ ಸೇರ್ಬೇಕು ಅನ್ನೋದು ಪ್ರೆಂಟಿಸ್ ಬಿಟ್ರೆ ಯಾರಿಗೆ ಗೊತ್ತು?"

ಥೋರಾ ಕೋಟಿನ ತೋಳಿಗೆ ಕೈ ತೂರಿಸುತ್ತಿದ್ದವಳು ಅರ್ಧಕ್ಕೇ ನಿಂತಳು.

"ಬರೆದಿಟ್ಕೊಂಡಿದ್ದೆ."

"ಏನು?"

"ಬೇಕಾದಾಗ ಮತ್ತೆ ಸೇರಿಸೋಕೆ ಗೊತ್ತಾಗ್ಬೇಕಲ್ಲ? ಹದಿನೇಳು ನಂಬರು. ಕೈಗೆ ಸಿಕ್ಕಿದ್ದು ಅಡುಗೆ ಮಾಡೋ ವಿಧಾನ ಬರೆದ ಒಂದು ಕಾರ್ಡು, ಚರ್ಚಿನ ಹೆಂಗಸರು ಹಂಚ್ಕೋತೀವಲ್ಲ, ಅಂಥದು. ಅದರ ಹಿಂದೆ ಬರೆದೆ."

"ಪುಣ್ಯಾತ್ಗಿತ್ತಿ! ಎಲ್ಲಿದೆ ಅದು?"

ಅವಳು ನನ್ನ ಮುಖ ನೋಡಲಿಲ್ಲ.

"ಮೂರು ವಾರದ ಹಿಂದೆ ರುಜೆನಾ ಇಸ್ಕೊಂಡ್ಲು. ಹಾಟ್‌ಡಿಶ್ ಮಾಡೋದು ನೋಡ್ಬೇಕು ಅಂದ್ಲು."

"ಹಿಂದೆ ಏನಿದೆ ಅಂತ ಅವಳಿಗೆ ಗೊತ್ತಿರ್ಲಿಲ್ಲ, ಅಲ್ವಾ?"

"ಬರೀವಾಗ ಪಕ್ಕದಲ್ಲೇ ಕೂತಿದ್ಲು ಬಿಬೋ. ಒಂದೆರಡು ನಂಬರು ನಂಗೆ ನೆನಪು ಮಾಡಿಕೊಟ್ಟಿದ್ದೇ ಅವಳು. ಇದನ್ನೂ ಹೇಳ್ಬೇಕಾ ಅವರ ಮುಂದೆ?"

ನುಂಗಲಾರೆ, ಉಗುಳಲಾರೆ. ಹುಡುಗಿಯನ್ನು ಉಳಿಸಲು ಹಿಡಿದ ಹಗ್ಗವೇ ಅವಳ ಕೊರಳಿಗೆ ಸುತ್ತಿಕೊಂಡಿತ್ತು.

"ಇಲ್ಲೇ ಇರಿ," ಎಂದೆ. "ನಾ ಬರೋವರೆಗೂ ಯಾರ ಹತ್ರಾನೂ ಉಸಿರು ಬಿಡಬೇಡಿ."

* * *

ಅಂಗಳ ದಾಟುವಾಗ ಚಳಿಗೆ ಮೂಗಿನೊಳಗಿನ ಉಸಿರೂ ಹೆಪ್ಪುಗಟ್ಟುತ್ತಿತ್ತು. ಕೋಟು ಹಾಕಿಕೊಳ್ಳಲು ಮರೆತದ್ದು ಅರ್ಧ ದಾರಿಗೆ ಬಂದಾಗ ತಿಳಿಯಿತು. ಐವತ್ತಾರನೆಯ ವಯಸ್ಸಿನಲ್ಲಿ ಹಿಮದ ಮೇಲೆ ಓಡುವುದು ಬುದ್ಧಿವಂತರ ಕೆಲಸವಲ್ಲ, ಆದರೂ ಓಡಿದೆ.

ರುಜೆನಾ ಒಳಕೋಣೆಯ ಬೆಂಚಿನ ಮೇಲೆ ಕೈ ಮಡಿಲಲ್ಲಿಟ್ಟು ಕೂತಿದ್ದಳು. ಕೋಟಿನ ಗುಂಡಿಗಳೆಲ್ಲ ಹಾಕಿದ್ದವು, ಚೀಲ ಪಕ್ಕದಲ್ಲಿತ್ತು. ಬಸ್ಸಿಗೆ ಕಾಯುವವಳ ಹಾಗೆ. ಎರಡು ದಿನದಿಂದ ಅವಳು ಅತ್ತಿರಲಿಲ್ಲ, ಅನ್ನವನ್ನೂ ಬಿಟ್ಟಿರಲಿಲ್ಲ. ನಿರಪರಾಧಿಯ ಧೈರ್ಯ ಎಂದುಕೊಂಡಿದ್ದೆ.

"ಕಾರ್ಡು ಎಲ್ಲಿ?"

ಅವಳು ಬೆಚ್ಚಲಿಲ್ಲ. "ತಾಂತೆ ಹೇಳಿಬಿಟ್ರಾ?"

"ತುದಿ ಬೆಸೆದಿದ್ದು ನೀನೇನಾ?"

"ಹೂಂ."

ಅವಳ ಅಮ್ಮನ ಮುಖ ಕಣ್ಣ ಮುಂದೆ ಬಂತು. ನನಗೆ ಸಿಟ್ಟು ಬಂತೋ ಅಳು ಬಂತೋ, ಎರಡೂ ಒಟ್ಟಿಗೆ.

"ಯಾರಿಗೋಸ್ಕರ? ಕಮ್ಯುನಿಸ್ಟರಿಗಾ? ಪ್ರಾಗ್‌ನಿಂದ ನಿಮ್ಮತ್ತೆ ಬರೀತಾಳಲ್ಲ, ಆ ಕಾಗದದಲ್ಲಿ ಇದೇನಾ ಇರೋದು?"

"ಪ್ರಾಗಾ?" ಅವಳು ನಕ್ಕೇಬಿಟ್ಟಳು. "ನಮ್ಮತ್ತೆ ಬರೆಯೋದು ತನ್ನ ಮಂಡಿ ನೋವಿನ ವಿಷ್ಯ ಮಾಮಾ. ಅವಳ ಕಾಗದ ಓದಿ ಓದಿ ಸರ್ಕಾರದೋರಿಗೂ ಮಂಡಿ ನೋವು ಬಂದಿರುತ್ತೆ."

"ನಗಬೇಡ ರುಜೆನಾ! ಇವತ್ತು ನಿನ್ನನ್ನ ಕರ್ಕೊಂಡು ಹೋಗ್ತಾರೆ, ಗೊತ್ತಾ?"

"ಕರ್ಕೊಂಡು ಹೋಗಲ್ಲ. ಬಿಡಿಸ್ತಾರೆ." ಅವಳು ದನಿ ತಗ್ಗಿಸಿದಳು. "ಹೇಳೋ ಹಾಗಿಲ್ಲ ಅಂತ ಸಹಿ ಹಾಕಿದೀನಿ. ಆದ್ರೆ ನೀವು ಹೀಗೆ ಹೆದರಿದ್ದು ನೋಡಿದ್ರೆ ಸಂಕಟ ಆಗುತ್ತೆ. ಸರ್ಕಾರದೋರೇ ಮಾಡಿಸಿದ್ದು ಮಾಮಾ. ಟ್ರಾಮ್ ಸ್ಟಾಪಲ್ಲಿ ಒಬ್ರು ಸಿಕ್ಕಿದ್ರು. ಮುದ್ರೆ ಹಾಕಿದ ಕಾಗದ ತೋರಿಸಿದ್ರು. ಮಾರೋ ಯಂತ್ರದಿಂದ ಗುಟ್ಟು ಹೊರಗೆ ಬೀಳುತ್ತಾ ಅಂತ ಪರೀಕ್ಷೆ ಮಾಡ್ಬೇಕು, ತೆಗೆದ ತಂತಿ ಮತ್ತೆ ಸೇರಿಸೋಕೆ ಆಗುತ್ತಾ ಅಂತ ಕೇಳಿದ್ರು."

"ನೀನು ಯಾಕೆ, ಏನು ಅಂತ ಕೇಳಲಿಲ್ವಾ?"

"ಏನೇ ಹೇಳಿದ್ರೂ ಮಾಡು, ಯಾಕೆ ಅಂತ ಮಾತ್ರ ಕೇಳಬೇಡ ಅಂತ ಮೊದಲನೇ ದಿನ ನಂಗೆ ಹೇಳಿಕೊಟ್ಟಿದ್ದು ಯಾರು? ನೀವೇ ಅಲ್ವಾ?"

ನಾನೇ. ಇದೇ ಕೋಣೆಯಲ್ಲಿ, ಇದೇ ಬೆಂಚಿನ ಮೇಲೆ ಕೂರಿಸಿ ಹೇಳಿದ್ದೆ. ಈ ಐದು ವರ್ಷದಲ್ಲಿ ಬಂದ ಪ್ರತಿ ಹುಡುಗಿಗೂ ಹೇಳಿದ್ದೆ.

"ನಂಬರು ಅವರೇ ಕೊಟ್ರಾ?"

"ಇಲ್ಲ. ಪಟ್ಟಿ ಪ್ರೆಂಟಿಸ್ ಹತ್ರ ಇದೆ, ಅವರಿಗೆ ಪರೀಕ್ಷೆ ವಿಷ್ಯ ಗೊತ್ತಾಗ್ಬಾರ್ದು ಅಂದ್ರು. ತಾಂತೆ ಹತ್ರ ಕಾರ್ಡಿದೆ ಅಂತ ನಾನೇ ಹೇಳಿದ್ದು. ಯಂತ್ರ ಪೆಟ್ಟಿಗೆಗೆ ಹಾಕೋ ಮುಂಚಿನ ರಾತ್ರಿ ಬೆಸೆದೆ, ಆಮೇಲೆ ಕಾರ್ಡು ಅವರೇ ಇಟ್ಕೊಂಡ್ರು." ಅವಳು ನನ್ನ ತೋಳು ತಟ್ಟಿದಳು, ದೊಡ್ಡವಳ ಹಾಗೆ. "ಏನೇ ಗಲಾಟೆ ಆದ್ರೂ ಬಾಯಿ ಬಿಡಬೇಡ, ನಾನೇ ಖುದ್ದಾಗಿ ಬಂದು ಬಿಡಿಸ್ತೀನಿ ಅಂದಿದಾರೆ."

ಸರ್ಕಾರದ ಪರೀಕ್ಷೆಗೆ ಸರ್ಕಾರದ ಪಟ್ಟಿ ಸಿಗಲಿಲ್ಲವಂತೆ! ಹಕ್ಕಿದ್ದವನು ಬೀಗ ತೆಗೆಸಿ ನೋಡುತ್ತಾನೆ. ಟ್ರಾಮ್ ಸ್ಟಾಪಿನಲ್ಲಿ ತಂತಿ ಹೆಣೆಯುವ ಹುಡುಗಿಯನ್ನು ಹಿಡಿಯುವುದಿಲ್ಲ. ಹದಿನೇಳು ನಂಬರುಗಳು ಈಗ ಒಬ್ಬನ ಜೇಬಿನಲ್ಲಿದ್ದವು, ಅವನ್ನು ಸೇರಿಸಿದರೆ ಯಂತ್ರ ಅಕ್ಷರ ಎಣಿಸುತ್ತದೆ ಎಂಬುದು ಓಮಾಹಾದಲ್ಲಿ ಸಾಬೀತಾಗಿತ್ತು. ಉಳಿದ ಮೂರು ಯಂತ್ರಗಳು ಎಲ್ಲೆಲ್ಲೋ ಇದ್ದವು. ಅವನ ಮುಖ ಕಂಡವಳು ಲೋಕದಲ್ಲಿ ಇವಳೊಬ್ಬಳೇ.

"ಅವನ ಹೆಸರೇನು?"

"ಹೇಳಲಿಲ್ಲ. ನೋಡಿದ್ರೆ ಗುರುತು ಹಿಡೀತೀನಿ."

ಹೊರಗೆ ಕಾರಿನ ಹಾರ್ನ್ ಕೇಳಿಸಿತು.

ಗಡಿಯಾರ ನೋಡಿದೆ. ಒಂದೂ ಮುಕ್ಕಾಲು. ಮೂರಕ್ಕೆ ಬರಬೇಕಾದವರು. ಕಿಟಕಿಗೆ ಹೋದೆ, ರುಜೆನಾ ನನ್ನ ಹಿಂದೆಯೇ ಬಂದಳು. ಗೇಟಿನ ಆಚೆ ಕಪ್ಪು ಕಾರು ನಿಂತಿತ್ತು. ಪ್ರೆಂಟಿಸ್ ಇಳಿದ. ನಾನು ಹಿಂದೆಂದೂ ಕಾಣದ ಒಬ್ಬ ಯುವಕ ಇಳಿದ. ಕೊನೆಗೆ ಬೂದು ಹ್ಯಾಟಿನ ಕಲ್ವರ್ ಇಳಿದ.

ಕಲ್ವರ್‌ನನ್ನು ನಾನು ಐದು ವರ್ಷದಿಂದ ಬಲ್ಲೆ. ಹೆಸರಿಲ್ಲದ ಆ ಕಚೇರಿಯಲ್ಲಿ ಗೂಢಚಾರರನ್ನು ಹಿಡಿಯುವುದೇ ಅವನ ಕೆಲಸ. ವರ್ಷಕ್ಕೊಮ್ಮೆ ಬಂದು ನನ್ನ ಬೀಗಗಳನ್ನು ಜಗ್ಗಿ ನೋಡಿ ಹೋಗುತ್ತಿದ್ದ. ಯಂತ್ರದ ಕೋಣೆಗೆ ಕಾಲಿಡುವ ಹಕ್ಕು ನನ್ನ ಹಾಗೆ ಅವನಿಗೂ ಇರಲಿಲ್ಲ, ತಂತಿ ಸಾಲಿನ ಕಡೆ ಅವನು ಬಂದವನೂ ಅಲ್ಲ. ನಿನ್ನೆ ಬಂದ ಟೆಲಿಗ್ರಾಂ ಅವನದೇ: ಹುಡುಗಿ ಯಾರೊಂದಿಗೂ ಮಾತಾಡಬಾರದು, ನಾನೇ ಬಂದು ವಶಕ್ಕೆ ತೆಗೆದುಕೊಳ್ಳುತ್ತೇನೆ.

"ಬಂದ್ರು!" ರುಜೆನಾ ನನ್ನ ಭುಜ ಹಿಡಿದು ಕುಣಿದಳು. ಎರಡು ದಿನದಲ್ಲಿ ಮೊದಲ ಸಲ ಅವಳ ಕಣ್ಣಲ್ಲಿ ನೀರು ಬಂತು. "ಅವರೇ ಮಾಮಾ, ಬೂದು ಹ್ಯಾಟಿನವರು! ನಾ ಹೇಳಲಿಲ್ವಾ? ಗೇಟ್ ತೆಗೀರಿ, ಬೇಗ!"

ನಾನು ಅವಳ ಕೈ ಹಿಡಿಯುವಷ್ಟರಲ್ಲಿ ತಡವಾಗಿತ್ತು. ಅವಳು ಕಿಟಕಿಯ ಗಾಜಿಗೆ ಮುಖ ಒತ್ತಿ, ಪರಿಚಿತರನ್ನು ಕಂಡ ಖುಷಿಯಲ್ಲಿ ಅವನಿಗೆ ಕೈ ಬೀಸಿದಳು.

ಕಲ್ವರ್ ಕೈ ಬೀಸಲಿಲ್ಲ. ಅವಳತ್ತ ನೋಡಲೂ ಇಲ್ಲ. ಅವಳ ಪಕ್ಕದಲ್ಲಿ ನಿಂತಿದ್ದ ನನ್ನನ್ನೇ ನೋಡುತ್ತ, ನಿಧಾನವಾಗಿ ಗೇಟಿನ ಕಡೆ ನಡೆದು ಬರತೊಡಗಿದ.